ಸಿಬ್ಬಂದಿಯಿಲ್ಲದ ಜಪಾನಿನ ಸಣ್ಣ ನಿಲ್ದಾಣದಲ್ಲಿ ರೈಲು ಹತ್ತಿ ಇಳಿಯುವ ಕ್ರಮ

ಕೊಪ್ಪಳದಲ್ಲಿರುವ ನನ್ನ ಅಣ್ಣನ ಮಗ ಮೂರು ತಿಂಗಳ ತರಬೇತಿಗೆಂದು ಜಪಾನಿನ ಕವಾಸಾಕಿಗೆ ಹೊರಟು ನಿಂತಾಗ, ತನ್ನ ವಸತಿಗೆ ಹತ್ತಿರದ ರೈಲು ನಿಲ್ದಾಣದ ಚಿತ್ರವನ್ನು ಫೋನಿನಲ್ಲಿ ತೋರಿಸಿ, “ಇಲ್ಲಿ ಟಿಕೆಟ್ ಕೊಡೋರೂ ಇಲ್ಲ, ಕೇಳೋರೂ ಇಲ್ಲ. ಇದೆಂಥಾ ಸ್ಟೇಷನ್ನು ಕಾಕಾ?” ಎಂದು ಕೇಳಿದ. ತೋರಣಗಲ್ಲಿನ ಉಕ್ಕಿನ ಕೆಲಸದ ನಂಟಿನಿಂದ ನಾನೂ ಕೆಲವು ವರ್ಷಗಳ ಹಿಂದೆ ಅದೇ ಊರಿನಲ್ಲಿ ಇದ್ದು ಬಂದವನು. ಅಂಥ ನಿಲ್ದಾಣಗಳಲ್ಲಿ ಹೊಸಬನೊಬ್ಬ ಮಾಡಬಹುದಾದ ತಪ್ಪುಗಳಲ್ಲಿ ಹೆಚ್ಚಿನವನ್ನು ಮೊದಲ ಎರಡು ವಾರಗಳಲ್ಲೇ ಮಾಡಿ ಮುಗಿಸಿದ್ದೆ. ಅವನಿಗೆ ಹೇಳಿದ್ದನ್ನೇ, ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಓದಿಗೋ ಕೆಲಸಕ್ಕೋ ಆ ದೇಶಕ್ಕೆ ಹೋಗುವವರಿಗೂ ಉಪಯೋಗವಾಗಲೆಂದು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಇಂಥ ನಿಲ್ದಾಣವನ್ನು ಜಪಾನಿಯರು ‘ಮುಜಿನ್ ಎಕಿ’ ಎನ್ನುತ್ತಾರೆ. ಮುಜಿನ್ ಎಂದರೆ ಜನರಿಲ್ಲದ್ದು, ಎಕಿ ಎಂದರೆ ನಿಲ್ದಾಣ. ಆ ದೇಶದ ಒಟ್ಟು ನಿಲ್ದಾಣಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಬಗೆಯವು. ಇವು ಬೆಟ್ಟಗುಡ್ಡಗಳ ನಡುವಿನ ಕುಗ್ರಾಮಗಳಲ್ಲಿ ಮಾತ್ರ ಇರುತ್ತವೆ ಎಂದು ನಾನು ತಿಳಿದಿದ್ದೆ. ಆದರೆ ಯೊಕೊಹಾಮಾ ಮತ್ತು ಕವಾಸಾಕಿ ಎಂಬ ಎರಡು ದೊಡ್ಡ ನಗರಗಳ ಕಡಲಂಚಿನ ಕಾರ್ಖಾನೆಗಳ ನಡುವೆ ಹಾದುಹೋಗುವ ತ್ಸುರುಮಿ ಮಾರ್ಗದಲ್ಲಿ ಒಟ್ಟು 13 ನಿಲ್ದಾಣಗಳಿದ್ದು, ತ್ಸುರುಮಿ ಒಂದನ್ನು ಬಿಟ್ಟು ಉಳಿದ 12ರಲ್ಲಿಯೂ 1971ರಿಂದಲೇ ಸಿಬ್ಬಂದಿ ಇಲ್ಲ. ನಮ್ಮ ಹಾಲ್ಟ್ ನಿಲ್ದಾಣಗಳಲ್ಲಿ ಕಮಿಷನ್ ಮೇಲೆ ಟಿಕೆಟ್ ಮಾರುವ ಏಜೆಂಟನಾದರೂ ಗಾಡಿಯ ಹೊತ್ತಿಗೆ ಬಂದು ಕಿಟಕಿ ತೆರೆಯುತ್ತಾನೆ. ಅಲ್ಲಿ ಅವನೂ ಇಲ್ಲ. ಸ್ಟೇಷನ್ ಮಾಸ್ಟರ್, ಬುಕಿಂಗ್ ಕ್ಲರ್ಕ್, ಗೇಟಿನ ಟಿ.ಸಿ. ಈ ಮೂವರೂ ಮಾಡುತ್ತಿದ್ದ ಕೆಲಸವನ್ನು ಒಂದಿಷ್ಟು ಯಂತ್ರಕ್ಕೆ, ಒಂದಿಷ್ಟು ಗಾಡಿಯ ಚಾಲಕನಿಗೆ, ಉಳಿದುದನ್ನು ಪ್ರಯಾಣಿಕನಿಗೇ ಹಂಚಿದ್ದಾರೆ. ಪ್ರಯಾಣಿಕನ ಪಾಲಿಗೆ ಬಂದಿರುವ ಕೆಲಸ ಮುಖ್ಯವಾಗಿ ಒಂದೇ: ತಾನು ಎಲ್ಲಿ ಹತ್ತಿದೆ ಎಂಬುದಕ್ಕೆ ಸಾಕ್ಷಿಯನ್ನು ಹತ್ತುವಾಗಲೇ ಪಡೆದು ಇಳಿಯುವವರೆಗೆ ಕಾಪಾಡಿಕೊಳ್ಳುವುದು. ಕೆಳಗೆ ಹೇಳುವ ಕಾರ್ಡು, ಚೀಟಿ, ಕಾಗದದ ಟಿಕೆಟ್ ಎಲ್ಲವೂ ಈ ಸಾಕ್ಷಿಯ ಬೇರೆ ಬೇರೆ ರೂಪಗಳು.

ಆದ್ದರಿಂದ ನಿಲ್ದಾಣಕ್ಕೆ ಹೋದ ಕೂಡಲೇ ಮೊದಲು ನೋಡಬೇಕಾದದ್ದು, ಹಣವನ್ನು ನಿಲ್ದಾಣ ಪಡೆಯುತ್ತದೆಯೋ ಗಾಡಿ ಪಡೆಯುತ್ತದೆಯೋ ಎಂಬುದನ್ನು. ಪ್ರವೇಶದ ಬಳಿ ಕಾರ್ಡ್ ತಾಗಿಸುವ ಕಂಬದಂಥ ಯಂತ್ರಗಳಿದ್ದರೆ ಹಣ ಪಡೆಯುವುದು ನಿಲ್ದಾಣ. ಏನೂ ಇಲ್ಲದೆ ಬರೀ ಪ್ಲಾಟ್‌ಫಾರಂ, ಒಂದು ಬೆಂಚು, ಒಂದು ವೇಳಾಪಟ್ಟಿ ಮಾತ್ರ ಇದ್ದರೆ ಸಾಮಾನ್ಯವಾಗಿ ಗಾಡಿಯೊಳಗೇ ಹಣ ಕೊಡಬೇಕು. ನಗರದ ಅಂಚಿನ ನಿಲ್ದಾಣಗಳಲ್ಲಿ ಮೊದಲನೆಯ ಬಗೆಯೇ ಹೆಚ್ಚು.

ಕಾರ್ಡಿನ ವಿಚಾರ

ಕಾರ್ಡನ್ನು ಮುಜಿನ್ ಎಕಿಯಲ್ಲಿ ಕೊಳ್ಳುವ ಯೋಚನೆ ಬೇಡ. ವಿಮಾನ ನಿಲ್ದಾಣದಲ್ಲಿಯೋ ದೊಡ್ಡ ನಿಲ್ದಾಣದಲ್ಲಿಯೋ ಕೊಂಡು, ಅಲ್ಲಿಯೇ ಧಾರಾಳವಾಗಿ ಹಣ ತುಂಬಿಸಿಕೊಂಡು ಹೊರಡಬೇಕು, ಏಕೆಂದರೆ ಸಣ್ಣ ನಿಲ್ದಾಣಗಳಲ್ಲಿ ಬಹುಪಾಲು ಕಡೆ ಹಣ ತುಂಬುವ ಯಂತ್ರವೇ ಇರುವುದಿಲ್ಲ. ಟೋಕಿಯೋ ಕಡೆ 2001ರಲ್ಲಿ ಬಂದ ಸುಯಿಕಾ ಎಂಬ ಕಾರ್ಡು ಪ್ರಸಿದ್ಧ. ಒಸಾಕಾ ಕಡೆ ಇಕೋಕಾ ಎಂಬುದಿದೆ. 2013ರ ಮಾರ್ಚಿನಿಂದ ಇಂಥ ಹತ್ತು ಪ್ರಮುಖ ಕಾರ್ಡುಗಳು ಪರಸ್ಪರ ನಡೆಯುವುದರಿಂದ ಯಾವುದನ್ನು ಕೊಂಡರೂ ಚಿಂತೆಯಿಲ್ಲ. ಒಂದು ಕಾರ್ಡಿನಲ್ಲಿ ಗರಿಷ್ಠ 20,000 ಯೆನ್ ಇಡಬಹುದು. ಐಫೋನ್ ಇದ್ದವರು ಫೋನಿನಲ್ಲೇ ಕಾರ್ಡ್ ಇಟ್ಟುಕೊಳ್ಳಬಹುದಾದರೂ, ನಮ್ಮ ದೇಶದಲ್ಲಿ ಕೊಂಡ ಆಂಡ್ರಾಯ್ಡ್ ಫೋನುಗಳಲ್ಲಿ ಬಹುಪಾಲಿನವುಗಳಲ್ಲಿ ಅದಕ್ಕೆ ಬೇಕಾದ ಫೆಲಿಕಾ ಎಂಬ ವ್ಯವಸ್ಥೆ ಕೆಲಸ ಮಾಡುವುದಿಲ್ಲ. ಫೋನ್‌ಪೇಯ ಅಭ್ಯಾಸದಲ್ಲಿ ಕೈಬೀಸಿಕೊಂಡು ಹೋಗುವವರು ಇದನ್ನು ನೆನಪಿಡಬೇಕು.

ಕಾರ್ಡಿದ್ದರೆ ಎಲ್ಲೆಡೆಯೂ ನಡೆಯುತ್ತದೆ ಎಂಬ ಧೈರ್ಯವೂ ಪೂರ್ತಿ ಸರಿಯಲ್ಲ. ಟೋಕಿಯೋ ಕಡೆಯ ವಲಯದಲ್ಲಿ ಕಾರ್ಡ್ ತಾಗಿಸಿ ಹತ್ತಿ, ಅಟಾಮಿ ಎಂಬ ಗಡಿ ನಿಲ್ದಾಣವನ್ನು ದಾಟಿ ಇನ್ನೊಂದು ರೈಲ್ವೆ ಕಂಪನಿಯ ವಲಯದಲ್ಲಿ ಇಳಿದರೆ, ಎರಡೂ ಕಡೆ ನಡೆಯುವ ಅದೇ ಕಾರ್ಡು ಆ ಒಂದು ಪ್ರಯಾಣಕ್ಕೆ ನಡೆಯುವುದಿಲ್ಲ. ಹಾಗೆ ಗಡಿ ದಾಟುವಾಗ ಮೊದಲೇ ಕಾಗದದ ಟಿಕೆಟ್ ಕೊಳ್ಳಬೇಕು. ಕುಮಾಮೊಟೊದಲ್ಲಿ ಒಂದು ಉಪನಗರ ರೈಲ್ವೆಯೂ ಸೇರಿದಂತೆ ಐದು ಸಾರಿಗೆ ಸಂಸ್ಥೆಗಳು ಯಂತ್ರಗಳನ್ನು ಬದಲಿಸುವ ಖರ್ಚು ತಡೆಯಲಾರದೆ 2024ರ ನವೆಂಬರಿನಲ್ಲಿ ಈ ಹತ್ತು ಕಾರ್ಡುಗಳನ್ನು ಕೈಬಿಟ್ಟವು. ಹೀಗಾಗಿ ಜೇಬಿನಲ್ಲಿ ಸಾವಿರ ಯೆನ್‌ನ ನಾಲ್ಕೈದು ನೋಟು, ಒಂದು ಹಿಡಿ ಚಿಲ್ಲರೆ ಸದಾ ಇರಲಿ.

ಈಗ ಯಂತ್ರದ ಮುಂದೆ ನಿಲ್ಲೋಣ. ದೊಡ್ಡ ನಿಲ್ದಾಣಗಳಲ್ಲಿರುವಂತೆ ಇಲ್ಲಿ ತೆರೆದು ಮುಚ್ಚುವ ರೆಕ್ಕೆಯ ಗೇಟು ಇರುವುದಿಲ್ಲ. ಸೊಂಟದೆತ್ತರದ ಎರಡು ಕಂಬಗಳು, ಅವುಗಳ ತಲೆಯ ಮೇಲೆ ಕಾರ್ಡಿಡುವ ಜಾಗ, ಅಷ್ಟೆ. ಒಂದು ಒಳಗೆ ಹೋಗುವವರಿಗೆ, ಇನ್ನೊಂದು ಹೊರಗೆ ಬರುವವರಿಗೆ. ಕೆಲವೊಮ್ಮೆ ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ. ಇಂಗ್ಲಿಷ್ ಬರಹ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಎರಡು ಅಕ್ಷರಗಳ ಆಕಾರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಎರಡು ಗೀಟುಗಳು ಒಂದಕ್ಕೊಂದು ಒರಗಿ ಗುಡಿಸಲಿನ ಮಾಡಿನಂತೆ ಕಾಣುವುದು ‘ಒಳಗೆ’. ಎರಡು ತ್ರಿಶೂಲದ ತಲೆಗಳನ್ನು ಒಂದರ ಮೇಲೊಂದು ಕೂರಿಸಿದಂತೆ ಕಾಣುವುದು ‘ಹೊರಗೆ’. ನಾನು ಇದನ್ನು ಗುಡಿಸಲು ಮತ್ತು ತ್ರಿಶೂಲ ಎಂದೇ ನೆನಪಿಟ್ಟುಕೊಂಡಿದ್ದೆ. ಮುಂದೆ ಊರಿನ ಬೇರೆಲ್ಲ ಬಾಗಿಲುಗಳಲ್ಲೂ ಅದು ಕೆಲಸಕ್ಕೆ ಬಂತು. ಕಾರ್ಡನ್ನು ಗಾಳಿಯಲ್ಲಿ ಬೀಸಿದರೆ ಸಾಲದು, ಸಪಾಟಾಗಿ ಇಟ್ಟು ಒಂದು ಕ್ಷಣ ತಡೆಯಬೇಕು. ‘ಪಿ’ ಎಂಬ ಸದ್ದು ಬಂದು, ಉಳಿದ ಹಣದ ಮೊತ್ತ ಕಾಣಿಸಿದರೆ ನಿಮ್ಮ ಸಾಕ್ಷಿ ದಾಖಲಾಯಿತು ಎಂದರ್ಥ.

ಕಾರ್ಡ್ ತಾಗಿಸುವ ಮೊದಲೇ ದಿಕ್ಕನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಹಲವು ಸಣ್ಣ ನಿಲ್ದಾಣಗಳಲ್ಲಿ ಹೋಗುವ ಗಾಡಿಗೂ ಬರುವ ಗಾಡಿಗೂ ಹಳಿಯ ಆಚೀಚೆ ಪ್ರತ್ಯೇಕ ಪ್ಲಾಟ್‌ಫಾರಂಗಳಿದ್ದು, ಪ್ರತಿಯೊಂದಕ್ಕೂ ಬೇರೆಯೇ ಬಾಗಿಲಿರುತ್ತದೆ. ತಪ್ಪು ಬದಿಯಲ್ಲಿ ತಾಗಿಸಿ ಒಳಗೆ ಹೋದ ಮೇಲೆ, ಗಾಡಿ ಹತ್ತದೆಯೇ ಅದನ್ನು ರದ್ದುಮಾಡಿಸಿಕೊಳ್ಳಬೇಕಾದರೆ ಮನುಷ್ಯರೇ ಬೇಕಾಗುತ್ತದೆ; ಅವರು ಅಲ್ಲಿರುವುದಿಲ್ಲ. ನಮ್ಮ ಸಣ್ಣ ನಿಲ್ದಾಣಗಳಲ್ಲಿ ಗಂಟು ಹೊತ್ತುಕೊಂಡು ಹಳಿಗಿಳಿದು ಆಚೆ ಹತ್ತುವ ರೂಢಿಯನ್ನು ಅಲ್ಲಿ ಕನಸಿನಲ್ಲೂ ನೆನೆಯಬಾರದು.

ನನ್ನಿಂದಾದ ಒಂದು ಎಡವಟ್ಟನ್ನು ಇಲ್ಲಿ ಹೇಳಲೇಬೇಕು. ಒಂದು ಸಂಜೆ ಮಳೆ ಜೋರಾಗಿತ್ತು. ಗಾಡಿಯಿಂದ ಇಳಿದವನು ಕೊಡೆ ಬಿಚ್ಚುವ ಅವಸರದಲ್ಲಿ, ತಡೆಯುವ ಗೇಟೂ ಇಲ್ಲದ್ದರಿಂದ, ತ್ರಿಶೂಲದ ಕಂಬವನ್ನು ದಾಟಿ ಸೀದಾ ಮನೆಗೆ ನಡೆದುಬಿಟ್ಟೆ. ಮರುದಿನ ಬೆಳಿಗ್ಗೆ ಗುಡಿಸಲಿನ ಕಂಬಕ್ಕೆ ಕಾರ್ಡಿಟ್ಟರೆ ಕೆಂಪು ದೀಪ, ಕಿರ್ ಎಂಬ ಸದ್ದು. ಕಾರ್ಡಿನ ಲೆಕ್ಕದಲ್ಲಿ ನಾನು ಹಿಂದಿನ ಸಂಜೆಯಿಂದ ಗಾಡಿಯಲ್ಲೇ ಇದ್ದೆ! ಹಿಂದೆ ಐದಾರು ಜನ ಮೌನವಾಗಿ ಪಕ್ಕಕ್ಕೆ ಸರಿದು ತಮ್ಮ ಕಾರ್ಡು ತಾಗಿಸಿ ಹೋದರು. ಗೋಡೆಯ ಮೇಲಿದ್ದ ಇಂಟರ್‌ಫೋನಿನ ಗುಂಡಿ ಒತ್ತಿದೆ. ದೂರದ ಯಾವುದೋ ನಿಲ್ದಾಣದ ನೌಕರರೊಬ್ಬರು ಮಾತನಾಡಿದರು. ನನಗೆ ಗೊತ್ತಿದ್ದ ಹತ್ತು ಪದಗಳಲ್ಲಿ ತಿಳಿಸಿದ್ದಕ್ಕೆ, ಹಾಗೆಯೇ ಹತ್ತಿಕೊಂಡು ಬನ್ನಿ, ಇಳಿಯುವ ದೊಡ್ಡ ನಿಲ್ದಾಣದ ಕಿಟಕಿಯಲ್ಲಿ ಹೇಳಿ ಸರಿಪಡಿಸಿಕೊಳ್ಳಿ ಎಂಬರ್ಥದ ಉತ್ತರ ಬಂತು. ಕಿಟಕಿಯಲ್ಲಿ ಎರಡು ನಿಮಿಷದಲ್ಲಿ ಹಿಂದಿನ ದಿನದ ಹಣ ಕಳೆದು ಕಾರ್ಡನ್ನು ಸರಿಮಾಡಿಕೊಟ್ಟರು, ಒಂದು ಮಾತೂ ಗದರಲಿಲ್ಲ. ಇಂಥ ಸಂದರ್ಭಕ್ಕೆ ‘ತಚ್ಚಿ ವಾಸುರೆಮಾಶಿತಾ’ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ. ಕಾರ್ಡ್ ತಾಗಿಸಲು ಮರೆತೆ ಎಂದು ಅರ್ಥ. ವಾಕ್ಯದ ಮೊದಲಿಗೆ ‘ಕಿನೋ’ ಸೇರಿಸಿದರೆ ನಿನ್ನೆ ಮರೆತೆ ಎಂದಾಗುತ್ತದೆ.

ಕಾರ್ಡು ಇಲ್ಲದವರು ಟಿಕೆಟ್ ಯಂತ್ರವಿದ್ದರೆ ಅದರಲ್ಲಿ ಟಿಕೆಟ್ ಕೊಳ್ಳಬೇಕು. ಅದೂ ಇಲ್ಲದ ಕಡೆ ಗುಂಡಿ ಒತ್ತಿದರೆ ಒಂದು ಸಣ್ಣ ಚೀಟಿಯನ್ನು ಪುಕ್ಕಟೆಯಾಗಿ ಕೊಡುವ ಪೆಟ್ಟಿಗೆ ಇರುತ್ತದೆ. ‘ಜೋಶಾ ಎಕಿ ಶೋಮೇಶೋ’ ಎಂಬ ಈ ಚೀಟಿ ಟಿಕೆಟ್ ಅಲ್ಲ, ನೀವು ಇಂಥ ನಿಲ್ದಾಣದಲ್ಲಿ ಹತ್ತಿದಿರಿ ಎಂಬ ದೃಢೀಕರಣ ಮಾತ್ರ. ಗಾಡಿಯಲ್ಲಿನ ಕಂಡಕ್ಟರಿಗೋ ಇಳಿಯುವ ನಿಲ್ದಾಣದ ಸಿಬ್ಬಂದಿಗೋ ಇದನ್ನು ತೋರಿಸಿ ಹಣ ಕೊಡಬೇಕು. ಅಣ್ಣನ ಮಗ ಇಷ್ಟು ಕೇಳಿ, “ಯಾರೂ ನೋಡೋದಿಲ್ಲಂದ್ರ ಚೀಟಿ ಯಾಕ ತಗೋಬೇಕು?” ಎಂದ. ನೋಡುವವರು ನಡುದಾರಿಯಲ್ಲಿ ಹತ್ತುತ್ತಾರೆ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನಿಂದ ಪ್ರಯಾಣದರದ ಜೊತೆಗೆ ಅದರ ಎರಡು ಪಟ್ಟು, ಅಂದರೆ ಒಟ್ಟು ಮೂರು ಪಟ್ಟಿನವರೆಗೆ ವಸೂಲು ಮಾಡುವ ಅಧಿಕಾರ ಅಲ್ಲಿನ ರೈಲ್ವೆಗೆ ಇದೆ. ಸಂಸ್ಥೆಯೊಂದರ ಪರವಾಗಿ ಹೋದವನಿಗೆ ಹಣಕ್ಕಿಂತ ಆ ನಾಚಿಕೆಯೇ ದೊಡ್ಡದು.

ಕವಾಸಾಕಿಗೆ ಹೋಗುವವರಿಗೆ ಮಾತ್ರ ಬೇಕಾದ ಒಂದು ಸೂಕ್ಷ್ಮವಿದೆ. ಹಾಮಾ ಕವಾಸಾಕಿ ಎಂಬಲ್ಲಿ ತ್ಸುರುಮಿ ಮಾರ್ಗ ಮತ್ತು ಷಿತ್ತೆ ಎಂಬ ನಿಲ್ದಾಣದಿಂದ ಬರುವ ನಾಂಬು ಮಾರ್ಗದ ಕವಲು ಸೇರುತ್ತವೆ. ಸುತ್ತಲೂ ಉಕ್ಕಿನ ಕಾರ್ಖಾನೆಯ ನೆಲ. 2010ರಲ್ಲಿ ನಮ್ಮ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಂಪನಿಯಲ್ಲಿ ಪಾಲು ಕೊಂಡ ಜೆಎಫ್‌ಇ ಸ್ಟೀಲಿನ ಜಾಗವದು. ಎರಡು ಮಾರ್ಗಗಳ ನಿಲ್ದಾಣಗಳು ಒಂದು ಕಿರಿದಾದ ರಸ್ತೆಯ ಆಚೀಚೆ ಇವೆ, ಎರಡರಲ್ಲೂ ಸಿಬ್ಬಂದಿ ಇಲ್ಲ. ಗಾಡಿ ಬದಲಿಸಲು ಒಂದರಿಂದ ಹೊರಬಂದು, ರಸ್ತೆ ದಾಟಿ, ಇನ್ನೊಂದನ್ನು ಹೊಗಬೇಕು. ಹೊರಬರುವಾಗ ಕಂಬ ಕಂಡ ಕೂಡಲೇ ಕೈ ತಾನಾಗಿ ಕಾರ್ಡನ್ನು ತೆಗೆಯುತ್ತದೆ, ಆದರೆ ಅಲ್ಲಿ ಗಾಡಿ ಬದಲಿಸುವವರು ಕಾರ್ಡ್ ತಾಗಿಸಕೂಡದು. ತಾಗಿಸಿದರೆ ಪ್ರಯಾಣ ಅಲ್ಲಿಗೇ ಮುಗಿದಂತಾಗಿ, ಮುಂದಿನದು ಹೊಸ ಪ್ರಯಾಣವಾಗಿ ಎರಡು ಬಾರಿ ಹಣ ಹೋಗುತ್ತದೆ. ಎಲ್ಲ ಕಡೆ ತಾಗಿಸು, ಅಲ್ಲಿ ಮಾತ್ರ ತಾಗಿಸಬೇಡ ಎಂಬುದನ್ನು ಬಾಯಿಮಾತಿನಲ್ಲಿ ಹೇಳಿದರೆ ಮರೆತುಹೋಗುತ್ತದೆ. ಅಣ್ಣನ ಮಗನ ಕಾರ್ಡಿನ ಹಿಂಬದಿಗೆ ಒಂದು ಚೀಟಿ ಅಂಟಿಸಿ ಬರೆದುಕೊಟ್ಟೆ.

ಗಾಡಿಯೇ ಹಣ ಪಡೆಯುವಲ್ಲಿ

ಎರಡನೆಯ ಬಗೆಯ ಗಾಡಿಗಳ ಮುಖದ ಮೇಲೆ ‘ವನ್‌ಮನ್’ ಎಂದು ಜಪಾನಿ ಲಿಪಿಯಲ್ಲಿ ಬರೆದಿರುತ್ತದೆ. ಚಾಲಕನೇ ಕಂಡಕ್ಟರನೂ ಆಗಿರುವ ಒಂದು ಅಥವಾ ಎರಡು ಬೋಗಿಗಳ ಗಾಡಿಗಳಿವು. ವಾಕಾಯಾಮಾ ನಗರದಿಂದ ಕಿಶಿಗೆ ಹೋಗುವ 14.3 ಕಿಲೋಮೀಟರಿನ ಉಪನಗರ ಮಾರ್ಗದಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಸಿಬ್ಬಂದಿಯನ್ನು ತೆಗೆದ ಮೇಲೆ 2007ರ ಜನವರಿಯಲ್ಲಿ ತಾಮಾ ಎಂಬ ಬೆಕ್ಕನ್ನು ಸ್ಟೇಷನ್ ಮಾಸ್ಟರ್ ಆಗಿ ನೇಮಿಸಿ ಜಗತ್ತಿನ ಗಮನ ಸೆಳೆದ ಕಿಶಿ ನಿಲ್ದಾಣ ಇದೇ ಮಾರ್ಗದ ಕೊನೆಯದು. ಬೆಕ್ಕಿಗೆ ಟೊಪ್ಪಿಗೆ ಕೊಟ್ಟರೂ ಟಿಕೆಟ್ ನೋಡುವ ಕೆಲಸ ಚಾಲಕನ ಮೇಲೆಯೇ ಬಿತ್ತು.

ಇಲ್ಲಿ ಹತ್ತುವುದು ಹಿಂದಿನ ಬಾಗಿಲಿನಿಂದ, ಇಳಿಯುವುದು ಚಾಲಕನ ಪಕ್ಕದ ಮುಂದಿನ ಬಾಗಿಲಿನಿಂದ ಎಂಬುದು ಸಾಮಾನ್ಯ ರೂಢಿ. ಎರಡು ಬೋಗಿಗಳಿದ್ದರೆ ಸಿಬ್ಬಂದಿಯಿಲ್ಲದ ನಿಲ್ದಾಣದಲ್ಲಿ ಮುಂದಿನ ಬೋಗಿಯ ಬಾಗಿಲುಗಳು ಮಾತ್ರ ತೆರೆಯುತ್ತವೆ, ಆದ್ದರಿಂದ ಪ್ಲಾಟ್‌ಫಾರಂ ಮೇಲೂ ಮುಂಭಾಗಕ್ಕೇ ನಿಲ್ಲಬೇಕು, ಗಾಡಿಯೊಳಗೂ ಮೊದಲ ಬೋಗಿಯಲ್ಲೇ ಕೂರಬೇಕು. ಕೆಲವು ಗಾಡಿಗಳ ಬಾಗಿಲು ತಾನಾಗಿ ತೆರೆಯುವುದಿಲ್ಲ. ಪಕ್ಕದ ಗುಂಡಿ ಒತ್ತಬೇಕು. ನಮ್ಮವರೊಬ್ಬರು ಮುಚ್ಚಿದ ಬಾಗಿಲಿನ ಮುಂದೆ ಸಭ್ಯವಾಗಿ ಕಾದು ನಿಂತು ಗಾಡಿ ತಪ್ಪಿಸಿಕೊಂಡದ್ದನ್ನು ಕಂಡಿದ್ದೇನೆ.

ಬಾಗಿಲ ಒಳಗೆ ಕಾಲಿಟ್ಟ ಕೂಡಲೇ ಒಂದು ಪುಟ್ಟ ಪೆಟ್ಟಿಗೆ ಎರಡು ಬೆರಳಗಲದ ಚೀಟಿಯನ್ನು ನಾಲಗೆಯಂತೆ ಹೊರಚಾಚಿರುತ್ತದೆ. ಅದನ್ನು ಎಳೆದುಕೊಳ್ಳಿ. ‘ಸೇರಿಕೆನ್’ ಎಂಬ ಅದರ ಮೇಲೆ ಮುಖ್ಯವಾಗಿ ಇರುವುದು ಒಂದು ಸಂಖ್ಯೆ. ಚಾಲಕನ ತಲೆಯ ಮೇಲಿನ ಫಲಕದಲ್ಲಿ 1, 2, 3 ಎಂದು ಮನೆಗಳಿದ್ದು, ಪ್ರತಿಯೊಂದರ ಕೆಳಗೂ ಹಣದ ಮೊತ್ತ ಬೆಳಗುತ್ತದೆ. ನಿಲ್ದಾಣಗಳು ಕಳೆದಂತೆ ಮೊತ್ತ ಏರುತ್ತಾ ಹೋಗುತ್ತದೆ. ನಿಮ್ಮ ಚೀಟಿಯಲ್ಲಿ 3 ಎಂದಿದ್ದರೆ, ಇಳಿಯುವ ಹೊತ್ತಿಗೆ 3ರ ಕೆಳಗೆ ಎಷ್ಟಿದೆಯೋ ಅದೇ ನೀವು ಕೊಡಬೇಕಾದದ್ದು. ಚೀಟಿ ಇಲ್ಲದವನು ಗಾಡಿ ಹೊರಟ ಮೊದಲ ನಿಲ್ದಾಣದಿಂದ ಬಂದವನೆಂದು ಲೆಕ್ಕ ಹಿಡಿಯುವ ಸಾಧ್ಯತೆ ಇದೆ.

ನಮ್ಮ ಬಸ್ಸಿನಲ್ಲಿ ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ ಟಿಕೆಟಿನ ಹಿಂದೆ ಬಾಕಿ ಬರೆದುಕೊಡುತ್ತಾನೆ, ಇಳಿಯುವಾಗ ನಾವು ಅವನ ಹಿಂದೆ ಬೀಳುತ್ತೇವೆ. ಅಲ್ಲಿ ಆ ಪದ್ಧತಿ ಇಲ್ಲ. ಹಣ ಹಾಕುವ ಪೆಟ್ಟಿಗೆ ಸಾಮಾನ್ಯವಾಗಿ ಬಾಕಿ ಹಿಂತಿರುಗಿಸುವುದಿಲ್ಲ. ಸರಿಯಾದ ಮೊತ್ತವನ್ನು ಚೀಟಿಯ ಸಮೇತ ಹಾಕಬೇಕು. ಅದೇ ಪೆಟ್ಟಿಗೆಯ ಮುಂಭಾಗದಲ್ಲಿ ಚಿಲ್ಲರೆ ಮಾಡಿಕೊಡುವ ಪ್ರತ್ಯೇಕ ಸೀಳು ಇರುತ್ತದೆ: ಸಾವಿರದ ನೋಟು ತೂರಿಸಿದರೆ ನಾಣ್ಯಗಳು ಕೆಳಗೆ ಬೀಳುತ್ತವೆ. ಚಿಲ್ಲರೆಯ ಸೀಳೆಂದು ತಿಳಿದು ನೋಟನ್ನು ಹಣ ಹಾಕುವ ಬಾಯಿಗೆ ಹಾಕಿದರೆ ಚಾಲಕನನ್ನು ತೊಂದರೆಗೆ ಒಡ್ಡಿದಂತೆ, ಗಾಡಿಯೂ ತಡವಾಗುತ್ತದೆ. ಐದು ಸಾವಿರ, ಹತ್ತು ಸಾವಿರದ ನೋಟುಗಳನ್ನು ಈ ಯಂತ್ರಗಳಲ್ಲಿ ಹೆಚ್ಚಿನವು ತೆಗೆದುಕೊಳ್ಳುವುದಿಲ್ಲ. 2024ರ ಜುಲೈನಲ್ಲಿ ಬಂದ ಹೊಸ ವಿನ್ಯಾಸದ ನೋಟನ್ನು ಹಳೆಯ ಯಂತ್ರಗಳು ಉಗುಳುವುದೂ ಉಂಟು. ಆದ್ದರಿಂದ ನಡುವೆ ಎಲ್ಲಾದರೂ ಗಾಡಿ ನಿಂತಿರುವಾಗಲೇ ಎದ್ದುಹೋಗಿ ಚಿಲ್ಲರೆ ಮಾಡಿಕೊಂಡು ಬಂದು ಕೂರುವುದು ಜಾಣತನ. ನಾಣ್ಯಗಳಲ್ಲಿ ನಡುವೆ ತೂತಿರುವವು ಎರಡು: ಬಿಳಿಯದು 50, ಹಿತ್ತಾಳೆಯ ಬಣ್ಣದ್ದು 5. ಈ 5ರ ನಾಣ್ಯದ ಮೇಲೆ ನಮಗೆ ಓದಲು ಬರುವ ಅಂಕಿಯೇ ಇಲ್ಲ, ಬಣ್ಣದಿಂದಲೇ ಗುರುತು ಹಿಡಿಯಬೇಕು.

ಕಾಯುವ ಹೊತ್ತಿನಲ್ಲಿ

ವೇಳಾಪಟ್ಟಿಯ ಎಡಗಡೆಯ ಕಂಬಸಾಲಿನಲ್ಲಿ ಗಂಟೆಗಳೂ ಅದರ ಬಲಕ್ಕೆ ನಿಮಿಷಗಳೂ ಇರುತ್ತವೆ. ಕೆಲಸದ ದಿನಗಳಿಗೆ ಒಂದು, ಶನಿವಾರ ಮತ್ತು ರಜಾ ದಿನಗಳಿಗೆ ಇನ್ನೊಂದು ಪಟ್ಟಿ. ಕಾರ್ಖಾನೆ ಪ್ರದೇಶದಲ್ಲಿ ಇವೆರಡಕ್ಕೂ ಅಜಗಜಾಂತರ. ತ್ಸುರುಮಿ ಮಾರ್ಗದಲ್ಲಿ ಬೆಳಿಗ್ಗೆ ಪಾಳಿಯ ಹೊತ್ತಿಗೆ ಸಾಲಾಗಿ ಬರುವ ಗಾಡಿಗಳು ಮಧ್ಯಾಹ್ನಕ್ಕೆ ತೀರಾ ವಿರಳವಾಗುತ್ತವೆ. ಒಕಾವಾ ಎಂಬ ಕವಲಿಗೆ ಬೆಳಿಗ್ಗೆ, ಸಂಜೆ ಬಿಟ್ಟರೆ ಗಾಡಿಯೇ ಇಲ್ಲ. ಪಟ್ಟಿಯ ತಳದಲ್ಲಿ 0 ಗಂಟೆಯ, ಅಂದರೆ ನಡುರಾತ್ರಿ ಹನ್ನೆರಡು ದಾಟಿದ ಮೇಲಿನ ಸಾಲಿನಲ್ಲಿರುವುದು ಅಂದಿನ ರಾತ್ರಿಯದೇ ಕೊನೆಯ ಗಾಡಿ. ಧ್ವನಿವರ್ಧಕದಲ್ಲಿ ‘ಮಾಮೊನಾಕು’ ಎಂದು ಕೇಳಿಸಿದರೆ ಗಾಡಿ ಬರುತ್ತಿದೆ. ‘ತ್ಸೂಕಾ’ ಎಂಬ ಪದ ಸೇರಿದ್ದರೆ ಅದು ಇಲ್ಲಿ ನಿಲ್ಲದೆ ವೇಗವಾಗಿ ಹಾದುಹೋಗುವ ಗಾಡಿ, ಆಗ ಹಿಂದೆ ಸರಿದು ನಿಲ್ಲಬೇಕು. ಸರಿದು ನಿಲ್ಲಬೇಕಾದ ಗೆರೆ ಹಳದಿ ಬಣ್ಣದ ಉಬ್ಬು ಹಾಸುಬಿಲ್ಲೆಗಳದು. ಕಣ್ಣು ಕಾಣದವರಿಗಾಗಿ ಮಿಯಾಕೆ ಸೇಇಚಿ ಎಂಬವರು ರೂಪಿಸಿ, 1967ರಲ್ಲಿ ಒಕಾಯಾಮಾದ ರಸ್ತೆಯಲ್ಲಿ ಮೊದಲು ಹಾಸಿದ ಈ ಬಿಲ್ಲೆಗಳನ್ನು ಇಂದು ನಮ್ಮ ನಿಲ್ದಾಣಗಳಲ್ಲೂ ಕಾಣುತ್ತೇವೆ. ಅವುಗಳ ಮೇಲೆ ಸಾಮಾನಿಡಬಾರದು.

ಫೋನೋ ಚೀಲವೋ ಹಳಿಗೆ ಬಿದ್ದರೆ ಇಳಿಯದೆ ಇಂಟರ್‌ಫೋನಿನಲ್ಲಿ ತಿಳಿಸಿ, ಯಾರಾದರೂ ಬರುವವರೆಗೆ ಕಾಯಬೇಕು. ಮನುಷ್ಯರೇ ಬಿದ್ದರೆ ಮಾತ್ರ ಪ್ಲಾಟ್‌ಫಾರಂ ಮೇಲೆ ತುರ್ತು ನಿಲುಗಡೆಯ ಗುಂಡಿ ಇದೆಯೇ ನೋಡಿ ಕೂಡಲೇ ಒತ್ತಬೇಕು. ಅದನ್ನು ಒತ್ತಿದರೆ ಬರುತ್ತಿರುವ ಗಾಡಿಗಳಿಗೆ ನಿಲ್ಲುವ ಸೂಚನೆ ಹೋಗುತ್ತದೆ. ಗಾಲಿಕುರ್ಚಿಯಲ್ಲಿರುವ ಹಿರಿಯರನ್ನು ಕರೆದೊಯ್ಯುವವರು, ಹಲಗೆ ಹಾಕಿ ಹತ್ತಿಸುವ ಸಿಬ್ಬಂದಿ ಇಂಥ ಕಡೆ ಇರುವುದಿಲ್ಲವಾದ್ದರಿಂದ, ರೈಲ್ವೆಗೆ ಮುಂಚಿತವಾಗಿ ತಿಳಿಸಬೇಕಾಗುತ್ತದೆ. ಈ ಒಂದು ವಿಷಯದಲ್ಲಿ ಆ ವ್ಯವಸ್ಥೆಯನ್ನು ಹೊಗಳಲು ನನಗೆ ಮನಸ್ಸಿಲ್ಲ.

ರಜೆಯ ದಿನ ಸುಮ್ಮನೆ ಅಭ್ಯಾಸಕ್ಕೆಂದು ಹೋಗುವುದಾದರೆ ಉಮಿ ಷಿಬಾಉರಾಕ್ಕೆ ಹೋಗಬಹುದು. ತ್ಸುರುಮಿ ಮಾರ್ಗದ ಒಂದು ಕವಲಿನ ಕೊನೆಯಲ್ಲಿರುವ ಈ ನಿಲ್ದಾಣದ ಪ್ಲಾಟ್‌ಫಾರಂ ನೀರಿನ ಅಂಚಿಗೇ ಇದ್ದು, ಬೇಲಿ ಹಿಡಿದು ಬಗ್ಗಿದರೆ ಕೆಳಗೆ ಕಡಲ ಕಾಲುವೆ ಕಾಣುತ್ತದೆ. ಹೊರಗೆ ಹೋಗುವ ಬಾಗಿಲು ತೋಷಿಬಾ ಕಾರ್ಖಾನೆಯದು, ಗುರುತಿನ ಚೀಟಿ ಇದ್ದವರಿಗೆ ಮಾತ್ರ. ಉಳಿದವರಿಗಾಗಿ 1995ರಲ್ಲಿ ಪಕ್ಕದಲ್ಲೇ ಒಂದು ಪುಟ್ಟ ಉದ್ಯಾನ ಮಾಡಿದ್ದಾರೆ. ತ್ರಿಶೂಲದ ಕಂಬಕ್ಕೆ ಕಾರ್ಡ್ ತಾಗಿಸಿ ಉದ್ಯಾನಕ್ಕೆ ಹೋಗಿ, ಕಾರ್ಖಾನೆಯತ್ತ ಕ್ಯಾಮೆರಾ ತಿರುಗಿಸದೆ ನೀರನ್ನೂ ಸೇತುವೆಯನ್ನೂ ನೋಡಿ, ಮತ್ತೆ ಗುಡಿಸಲಿನ ಕಂಬಕ್ಕೆ ತಾಗಿಸಿ ಅಲ್ಲೇ ನಿಂತಿರುವ ಗಾಡಿಯನ್ನು ಹತ್ತಬೇಕು. ಅದು ಹೊರಡುವ ಸಮಯವನ್ನು ಇಳಿದ ಕೂಡಲೇ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ತಪ್ಪಿದರೆ ನಡೆದುಕೊಂಡು ಹೊರಬೀಳಲು ಬೇರೆ ದಾರಿಯಿಲ್ಲ, ರಜೆಯ ದಿನ ಮುಂದಿನ ಗಾಡಿ ಬೇಗ ಬರುವುದೂ ಇಲ್ಲ.